ದಿ ಲಿಟಲ್ ಓಲ್ಡ್ ಲೇಡಿ ಹೂ ವಾಸ್ ನಾಟ್ ಅಫ್ರೇಡ್ ಆಫ್ ಎನಿಥಿಂಗ್
ಅಮೆರಿಕದ ಮಕ್ಕಳ ಚಿತ್ರಪುಸ್ತಕ. ಕಥೆ ಲಿಂಡಾ ವಿಲಿಯಮ್ಸ್ ಅವರದು, ಚಿತ್ರಗಳು ಮೆಗನ್ ಲಾಯ್ಡ್ ಅವರವು. ಮೊದಲ ಮುದ್ರಣ 1986.

ಯಾವುದಕ್ಕೂ ಹೆದರದ ಅಜ್ಜಿಯೊಬ್ಬಳು ಕಾಡಿನಲ್ಲಿ ಸೊಪ್ಪು, ಬೀಜ ಆಯ್ದುಕೊಂಡು ಮನೆಗೆ ಹೊರಡುವಷ್ಟರಲ್ಲಿ ಕತ್ತಲಾಗಿರುತ್ತದೆ. ದಾರಿಗೆ ಎರಡು ದೊಡ್ಡ ಶೂಗಳು ಅಡ್ಡ ಬರುತ್ತವೆ, ಒಳಗೆ ಕಾಲಿಲ್ಲ. ಅಜ್ಜಿ ಗದರಿಸಿ ಮುಂದೆ ನಡೆದರೆ ಅವು ಧಪ್ ಧಪ್ ಎಂದು ಹಿಂದೆಯೇ ಬರುತ್ತವೆ. ಆಮೇಲೆ ಕುಲುಕುವ ಪ್ಯಾಂಟು, ಅಲುಗಾಡುವ ಅಂಗಿ, ಚಪ್ಪಾಳೆ ತಟ್ಟುವ ಕೈಗವಸು, ತಲೆದೂಗುವ ಟೊಪ್ಪಿ ಒಂದೊಂದಾಗಿ ಸೇರಿಕೊಳ್ಳುತ್ತವೆ. ಕೊನೆಗೆ ಕಣ್ಣು ಬಾಯಿ ಕೊರೆದ ಕುಂಬಳಕಾಯಿ ತಲೆ ಎದುರಾದಾಗ ಅಜ್ಜಿ ಓಟ ಕೀಳುತ್ತಾಳೆ. ಮನೆ ಸೇರಿ ಬಾಗಿಲು ಹಾಕಿಕೊಂಡರೂ ಅವೆಲ್ಲ ಬಂದು ಕದ ತಟ್ಟುತ್ತವೆ. ತನ್ನನ್ನು ಹೆದರಿಸಲು ಆಗದೆ ಪೆಚ್ಚಾದ ಕುಂಬಳಕಾಯಿಯ ಕಿವಿಯಲ್ಲಿ ಅಜ್ಜಿ ಒಂದು ಉಪಾಯ ಉಸುರುತ್ತಾಳೆ.

ಹೊಸದು ಬಂದಾಗಲೆಲ್ಲ ಹಳೆಯದನ್ನೂ ಸೇರಿಸಿ ಹೇಳುವ ಸರಪಳಿ ಕಥೆಯ ಕಟ್ಟು ಇದರದು. ಮುಂದೇನು ಬರುತ್ತದೆಂಬ ಅಂದಾಜು ಸಿಕ್ಕ ಮಗು ತಾನೂ ಕಾಲು ಬಡಿದು, ಚಪ್ಪಾಳೆ ತಟ್ಟಿ ಕಥೆಯೊಳಗೆ ಸೇರಿಕೊಳ್ಳುತ್ತದೆ. ಭಯ ಅಲ್ಲೇ ಅರ್ಧ ಇಳಿಯುತ್ತದೆ. ಒಬ್ಬರೇ ಮೌನವಾಗಿ ಓದಿಕೊಳ್ಳುವ ಪುಸ್ತಕ ಇದಲ್ಲ. ಕಥೆಯಲ್ಲಿ ಹ್ಯಾಲೋವೀನ್ ಆಚರಣೆಯೇನೂ ಇಲ್ಲದಿದ್ದರೂ, ಕುಂಬಳಕಾಯಿ ತಲೆಯ ಕಾರಣಕ್ಕೆ ಅಮೆರಿಕದ ಶಾಲೆ, ಗ್ರಂಥಾಲಯಗಳಲ್ಲಿ ಇದನ್ನು ಹೆಚ್ಚಾಗಿ ಅಕ್ಟೋಬರ್‌ನಲ್ಲಿ ಓದುತ್ತಾರೆ. ಕೊನೆಯ ಪುಟದಲ್ಲಿ ಶೂ, ಪ್ಯಾಂಟು, ಅಂಗಿಗಳೆಲ್ಲ ಕೂಡಿ ಬೆದರುಬೊಂಬೆಯಾಗಿ ಅಜ್ಜಿಯ ತೋಟದಲ್ಲಿ ಕಾಗೆ ಓಡಿಸುತ್ತಿರುತ್ತವೆ.