ಅಮ್ಮನ ಮೊಣಕಾಲು, 3 ಡಿಗ್ರಿ

ಕಾರ್ಕಳದ ಮನೆಯ ಜಗಲಿಯಲ್ಲಿ ತಡ್ಪೆ ಮಡಿಲಲ್ಲಿಟ್ಟು, ಚಕ್ಕಳಮಕ್ಕಳ ಕೂತು ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದರು. ಕೊನೆಗೆ ಮೊಣಕಾಲೆರಡೂ ಬಿಲ್ಲಿನಂತೆ ಬಾಗಿದವು.

"ಕೆಳಗೆ ಕೂರ್ಲಿಕ್ಕೆ ಆಗ್ತದಾ ಡಾಕ್ಟ್ರೇ?" ಮೊಣಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆಂದು ಹೋದ ಮಣಿಪಾಲದ ಆಸ್ಪತ್ರೆಯಲ್ಲಿ ಅಮ್ಮ ಕೇಳಿದ್ದು ಅದೊಂದೇ.

1970ರ ದಶಕದಲ್ಲಿ ನ್ಯೂಯಾರ್ಕಿನ ಜಾನ್ ಇನ್ಸಾಲ್ ಮುಂತಾದವರು ಬೆಳೆಸಿದ ಈ ಶಸ್ತ್ರಚಿಕಿತ್ಸೆಯ ಕ್ರಮದಲ್ಲಿ ಸೊಂಟದ ಕೀಲಿನಿಂದ ಪಾದದ ಗಂಟಿಗೆ ಒಂದು ನೇರ ಗೆರೆ, ಅದಕ್ಕೆ ಅಡ್ಡಲಾಗಿ ಎಲುಬಿನ ಕೊಯ್ತ. ಆದರೆ ಹುಟ್ಟಿನಿಂದ ಬಂದ ಕೀಲು ಸುಮಾರು 3 ಡಿಗ್ರಿ ಓರೆ! ನೇರ ಕೊಯ್ದರೆ ಮಡಚುವಾಗ ಒಂದು ಬದಿ ಬಿಗಿ, ಇನ್ನೊಂದು ಸಡಿಲ. ಅದಕ್ಕೆಂದೇ ತೊಡೆಯೆಲುಬಿನ ಲೋಹದ ಟೊಪ್ಪಿಯನ್ನು ಅಷ್ಟು ಹೊರಕ್ಕೆ ತಿರುಗಿಸಿ ಕೂರಿಸುವುದು. 2006ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೀಫನ್ ಹೊವೆಲ್ ಆ ಓರೆಯನ್ನೇ ಉಳಿಸಹೊರಟರು. ವಾದ ಇನ್ನೂ ಮುಗಿದಿಲ್ಲ.

ಅಮ್ಮ ನೆಲದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದ ನಮ್ಮ ಮೆಟ್ಟುಕತ್ತಿ ಮಾತ್ರ ಮೇಜಿನ ಮೇಲೇರಿದೆ.