ಸ್ನೂಕರ್: ನಿಯಮ ಮತ್ತು ಆಡಳಿತದ ಇತಿಹಾಸ

ಸ್ನೂಕರ್, ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ 22 ಚೆಂಡುಗಳಿಂದ ಇಬ್ಬರು ಆಡುವ ಆಟ. ಇದು ಹುಟ್ಟಿದ್ದು ಮಧ್ಯ ಭಾರತದ ಜಬಲ್ಪುರದಲ್ಲಿ. ಇದಕ್ಕೆ ಕಟ್ಟುಪಾಡು ಬಂದದ್ದು ನೀಲಗಿರಿಯ ಉದಕಮಂಡಲದಲ್ಲಿ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಊಟಿಯಲ್ಲಿ. ಎರಡನ್ನೂ ಬೆರೆಸಿ ‘ಸ್ನೂಕರ್ ಹುಟ್ಟಿದ್ದೇ ಊಟಿಯಲ್ಲಿ’ ಎನ್ನುವುದು ರೂಢಿಯಾಗಿದೆ. ಆಟ ಹುಟ್ಟುವುದು ಬೇರೆ, ಅದಕ್ಕೆ ನಿಯಮ ಬರೆಯುವುದು ಬೇರೆ. ಊಟಿಯ ಪಾಲು ಎರಡನೆಯದು, ಮತ್ತು ಅದೇನೂ ಸಣ್ಣದಲ್ಲ.

1875ರ ಮಳೆಗಾಲ. ಡೆವನ್‌ಷೈರ್ ರೆಜಿಮೆಂಟಿನ ಜಬಲ್ಪುರದ ಮೆಸ್ಸಿನಲ್ಲಿ ಕಿರಿಯ ಅಧಿಕಾರಿಗಳಿಗೆ ಹೊರಗೆ ಹೋಗುವಂತಿರಲಿಲ್ಲ, ಒಳಗೆ ಬೇರೆ ಕೆಲಸವಿರಲಿಲ್ಲ. ಕೆಂಪು ಚೆಂಡುಗಳ ‘ಪಿರಮಿಡ್ಸ್’, ಬಾಜಿ ಕಟ್ಟಿ ಆಡುವ ‘ಬ್ಲ್ಯಾಕ್ ಪೂಲ್’ ಎರಡೂ ಅವರಿಗೆ ಗೊತ್ತಿದ್ದ ಆಟಗಳೇ. ಹತ್ತೊಂಬತ್ತರ ಹರೆಯದ ನೆವಿಲ್ ಚೇಂಬರ್ಲೇನ್ ಎರಡನ್ನೂ ಸೇರಿಸಿ, ಇನ್ನಷ್ಟು ಬಣ್ಣದ ಚೆಂಡು ಹಾಕಿ ಆಡಿದರೆ ಹೇಗೆ ಎಂದ. ಮೊದಮೊದಲು ಕೆಂಪಿನ ಜೊತೆಗೆ ಇದ್ದದ್ದು ಹಳದಿ, ಹಸಿರು, ಗುಲಾಬಿ, ಕಪ್ಪು ಮಾತ್ರ. ನೀಲಿ, ಕಂದು ಆಮೇಲೆ ಸೇರಿದವು. ಈ ಚೇಂಬರ್ಲೇನ್ ಮ್ಯೂನಿಕ್ ಒಪ್ಪಂದದ ಪ್ರಧಾನಿಯಲ್ಲ. ಹೆಸರು ಒಂದೇ ಆದ್ದರಿಂದ ರಸಪ್ರಶ್ನೆಗಳಲ್ಲಿ ಈಗಲೂ ಎಡವುವವರಿದ್ದಾರೆ.

ಆಟಕ್ಕೆ ಹೆಸರು ಬಂದದ್ದು ಒಂದು ಬೈಗುಳದಿಂದ. ವುಲಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ ಮೊದಲ ವರ್ಷದ ಹುಡುಗರನ್ನು ಹಿರಿಯರು ‘ಸ್ನೂಕರ್’ ಎಂದು ಕರೆಯುತ್ತಿದ್ದರು. ನಮ್ಮ ಹಾಸ್ಟೆಲುಗಳ ಭಾಷೆಯಲ್ಲಿ ಹೇಳುವುದಾದರೆ ಬಚ್ಚಾ. ಮೆಸ್ಸಿನಲ್ಲಿ ಒಬ್ಬ ತೂತಿನ ಬಾಯಲ್ಲೇ ಇದ್ದ ಬಣ್ಣದ ಚೆಂಡನ್ನು ಬೀಳಿಸಲಾರದೆ ಹೋದಾಗ ಚೇಂಬರ್ಲೇನ್ ಅವನನ್ನು ಹಾಗೆಂದು ಕರೆದನಂತೆ. ಆತ ಮುಖ ಗಂಟಿಕ್ಕುವ ಮೊದಲೇ, ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ ಎಂದು ಸಮಾಧಾನವನ್ನೂ ಹೇಳಿದನಂತೆ. ‘ಅಂತೆ’ ಎನ್ನಲು ಕಾರಣವಿದೆ. ಇದನ್ನು ಚೇಂಬರ್ಲೇನ್ ಸ್ವತಃ ಬರೆದು ತಿಳಿಸಿದ್ದು 1938ರಲ್ಲಿ, ಲಂಡನ್ನಿನ ‘ದಿ ಫೀಲ್ಡ್’ ಪತ್ರಿಕೆಗೆ. ಆಗ ಅವನಿಗೆ ಎಂಬತ್ತು ದಾಟಿತ್ತು. ಮರುವರ್ಷ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಅದನ್ನೇ ಒಪ್ಪಿ ಬರೆದ ಮೇಲೆ ಆಟದ ಹುಟ್ಟಿನ ಬಗ್ಗೆ ಇದ್ದ ಬೇರೆ ವಾದಗಳು ತಣ್ಣಗಾದವು.

ಊಟಿಯ ಕಾಗದ

ಎರಡನೆಯ ಆಫ್ಘನ್ ಯುದ್ಧದಲ್ಲಿ ಗಾಯಗೊಂಡ ಚೇಂಬರ್ಲೇನ್ ಜನರಲ್ ಫ್ರೆಡರಿಕ್ ರಾಬರ್ಟ್ಸ್‌ನ ಸಿಬ್ಬಂದಿಯಲ್ಲಿದ್ದ. 1881ರಲ್ಲಿ ರಾಬರ್ಟ್ಸ್ ಮದರಾಸು ಸೇನೆಯ ದಂಡನಾಯಕನಾದ. ಬೇಸಿಗೆ ಬಂತೆಂದರೆ ಮದರಾಸಿನ ಸರ್ಕಾರ ಕಡತಗಳ ಸಮೇತ ಬೆಟ್ಟ ಹತ್ತುತ್ತಿದ್ದ ಕಾಲ ಅದು. ದಂಡನಾಯಕನ ಹಿಂದೆ ಚೇಂಬರ್ಲೇನ್, ಚೇಂಬರ್ಲೇನ್ ಹಿಂದೆ ಅವನ ಆಟ, ಎಲ್ಲವೂ ಊಟಿಗೆ ಬಂದವು.

ಅಲ್ಲಿ ಅವರಿಗೆ ಸಿಕ್ಕಿದ್ದು ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆ. ಬಿಳಿ ಕಂಬಗಳ ಆ ಕಟ್ಟಡವನ್ನು 1830ರ ದಶಕದ ಆರಂಭದಲ್ಲಿ ಸರ್ ವಿಲಿಯಂ ರಂಬೋಲ್ಡ್ ಹೋಟೆಲ್ ನಡೆಸಲು ಕಟ್ಟಿಸಿದ್ದ. ಕ್ಲಬ್ ಶುರುವಾದದ್ದು 1841ರಲ್ಲಿ. ಬಿಲಿಯರ್ಡ್ಸ್ ಮೇಜಿನ ಹಾಸು ಎಂದರೆ ಸ್ಲೇಟು ಕಲ್ಲಿನ ಚಪ್ಪಡಿಗಳು. ನೀಲಗಿರಿಯ ರೈಲು ಊಟಿ ಮುಟ್ಟಿದ್ದು 1908ರಲ್ಲಿ. ಅದಕ್ಕೆ ಮುಂಚೆ ಆ ಭಾರವೆಲ್ಲ ಘಾಟಿಯ ತಿರುವುಗಳಲ್ಲಿ ರಸ್ತೆಯ ಮೇಲೆಯೇ ಬರಬೇಕಿತ್ತು. ಆಟದ ಇತಿಹಾಸದಲ್ಲಿ ಚೆಂಡು ಹೊಡೆದವರ ಹೆಸರು ಉಳಿದಿದೆ, ಕಲ್ಲು ಏರಿಸಿದವರದು ಇಲ್ಲ.

ಮೆಸ್ಸಿನಿಂದ ಮೆಸ್ಸಿಗೆ ಆಟ ಬಾಯಿಮಾತಿನಲ್ಲೇ ಹಬ್ಬಿದ್ದರಿಂದ ಒಂದೊಂದು ಕಡೆ ಒಂದೊಂದು ಪದ್ಧತಿ ಇತ್ತು. ಊಟಿಯಲ್ಲಿ ಬೇಸಿಗೆಗೆ ಎಲ್ಲ ರೆಜಿಮೆಂಟಿನವರೂ ಒಂದೇ ಮೇಜಿನ ಸುತ್ತ ಸೇರುತ್ತಿದ್ದರು. ಬಾಜಿ ಬೇರೆ ಇರುತ್ತಿತ್ತು. ಫೌಲ್ ಆದರೆ ಎಷ್ಟು ದಂಡ, ಬಣ್ಣದ ಚೆಂಡು ಬಿದ್ದರೆ ಮತ್ತೆ ಎಲ್ಲಿಡಬೇಕು ಎಂಬಂಥವು ದುಡ್ಡಿನ ಪ್ರಶ್ನೆಗಳೂ ಆಗುತ್ತವೆ. ಹಾಗಾಗಿ ನಿಯಮಗಳನ್ನು ಬರೆದು ಬಿಲಿಯರ್ಡ್ಸ್ ಕೋಣೆಯ ಗೋಡೆಗೆ ಹಾಕಿದರು. ಇದು ನಡೆದದ್ದು 1882ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗೋಡೆಯ ಮೇಲಿನ ಈ ಕಾಗದವನ್ನೇ ಸ್ನೂಕರಿನ ಮೊದಲ ‘ಆಡಳಿತ ಮಂಡಳಿ’ ಎನ್ನಬಹುದು. ಅಧ್ಯಕ್ಷನಿಲ್ಲ, ಚುನಾವಣೆಯಿಲ್ಲ, ಜಗಳ ಬಂದರೆ ಬೆರಳಿಟ್ಟು ತೋರಿಸಲು ಒಂದು ಸಾಲಿದ್ದರೆ ಸಾಕಿತ್ತು.

ಲಂಡನ್ನಿಗೆ ಹೋಗಿ ಬಂದದ್ದು

1885ರಲ್ಲಿ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ ಜೂನಿಯರ್ ಕಲ್ಕತ್ತಕ್ಕೆ ಬಂದಾಗ ಕೂಚ್ ಬಿಹಾರದ ಮಹಾರಾಜರ ಊಟದ ಮೇಜಿನಲ್ಲಿ ಚೇಂಬರ್ಲೇನ್‌ನನ್ನು ಭೇಟಿಯಾಗಿ ನಿಯಮ ಕೇಳಿಕೊಂಡ. ಆಟ ಹಾಗೆ ಇಂಗ್ಲೆಂಡಿಗೆ ಹೋಯಿತು. ಅಲ್ಲಿನ ಬಿಲಿಯರ್ಡ್ಸ್ ಅಸೋಸಿಯೇಷನ್ 1900ರಲ್ಲಿ ತನ್ನದೇ ನಿಯಮಾವಳಿಯನ್ನು ಅಂಗೀಕರಿಸಿತು. 1919ರಲ್ಲಿ ಅದು ಪ್ರತಿಸ್ಪರ್ಧಿ ಸಂಸ್ಥೆಯೊಂದಿಗೆ ವಿಲೀನವಾಯಿತು. ಅಲ್ಲಿಂದ ಹಲವು ದಶಕ, ನಮ್ಮ ದೇಶದಲ್ಲೇ ಹುಟ್ಟಿದ ಆಟಕ್ಕೆ ಲಂಡನ್ ಹೇಳಿದ್ದೇ ವೇದವಾಕ್ಯ.

ಆ ಹಿಡಿತ ಸಡಿಲವಾದದ್ದು ಮೇಜಿನ ಮೇಲೆ ಮೊದಲು, ಕಾಗದದ ಮೇಲೆ ಆಮೇಲೆ. 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತದಲ್ಲೇ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಮೊದಲ ವಿಶ್ವ ಅಮೆಚೂರ್ ಸ್ನೂಕರ್ ಪಂದ್ಯಾವಳಿ ನಡೆದದ್ದೂ ಅದೇ ಊರಿನಲ್ಲಿ, 1963ರಲ್ಲಿ. ಗೆದ್ದವರು ಇಂಗ್ಲೆಂಡಿನ ಗ್ಯಾರಿ ಓವೆನ್. ಬ್ರಿಟನ್ನಿನ ಸಂಸ್ಥೆಯೊಂದೇ ಎಲ್ಲರ ಪರವಾಗಿ ತೀರ್ಮಾನಿಸುವುದು ಹೊರದೇಶಗಳಿಗೆ ಸರಿಬರದೆ 1971ರಲ್ಲಿ ಬೇರೆಯದೇ ವಿಶ್ವ ಮಂಡಳಿ ಏರ್ಪಟ್ಟಿತು. 1973ರಿಂದ ಅದರ ಹೆಸರು ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್.

ಪಕ್ಕದ ಕೋಣೆ

ಆಗಿನ ಕ್ಲಬ್ಬುಗಳಲ್ಲಿ ಬಿಲಿಯರ್ಡ್ಸ್ ಕೋಣೆ ಇದ್ದಂತೆ ಇಸ್ಪೀಟಿನ ಕೋಣೆಯೂ ಇರುವುದು ವಾಡಿಕೆ. ಅಲ್ಲಿನ ಬ್ರಿಡ್ಜ್ ಆಟದ ಕತೆಯೂ ಹೆಚ್ಚು ಬೇರೆಯಲ್ಲ. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗಿನ ಪಯಣವೊಂದರಲ್ಲಿ ಕಾಂಟ್ರ್ಯಾಕ್ಟ್ ಬ್ರಿಡ್ಜಿನ ಅಂಕಪದ್ಧತಿಯನ್ನು ಗೆಳೆಯರೊಂದಿಗೆ ಆಡಿ ನೋಡಿದ. ನಿಯಮಗಳಿಗೆ ಮುದ್ರೆ ಒತ್ತಿದ್ದು ಲಂಡನ್ನಿನ ಪೋರ್ಟ್‌ಲ್ಯಾಂಡ್ ಕ್ಲಬ್ಬಿನಂಥವು. ವಿಶ್ವ ಬ್ರಿಡ್ಜ್ ಫೆಡರೇಷನ್ ಬಂದದ್ದು 1958ರಲ್ಲಿ. ಬ್ರಿಡ್ಜ್ ಫೆಡರೇಷನ್ ಆಫ್ ಇಂಡಿಯಾಕ್ಕೆ ಸ್ನೂಕರಿನವರಿಗಿಲ್ಲದ ಒಂದು ತೊಡಕಿತ್ತು. ಎಲೆ ಹಿಡಿದವರನ್ನೆಲ್ಲ ಜೂಜುಕೋರರೆಂದು ನೋಡುವುದು ನಮ್ಮಲ್ಲಿ ಹಳೆಯ ಅಭ್ಯಾಸ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯ ಮೊಕದ್ದಮೆಯೊಂದರಲ್ಲಿ, ಅದು ಮುಖ್ಯವಾಗಿ ಕುಶಲತೆಯ ಆಟ ಎಂದು ತೀರ್ಪು ಕೊಡುವಾಗ ಎಲೆ ಹಂಚಿಕೆಯ ಅದೃಷ್ಟವನ್ನು ಬ್ರಿಡ್ಜಿಗೆ ಹೋಲಿಸಿತ್ತು. ಮನೆಮನೆಯ ಅಭಿಪ್ರಾಯ ಸ್ವಲ್ಪ ಕದಲಿದ್ದು ಮಾತ್ರ 2018ರಲ್ಲಿ, ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಅರವತ್ತರ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಜೋಡಿ ಚಿನ್ನ ಗೆದ್ದಾಗ. ಅದಕ್ಕೆ ಮೂರು ವರ್ಷ ಮುಂಚೆ, 2015ರಲ್ಲಿ, ವಿಶ್ವ ತಂಡ ಚಾಂಪಿಯನ್‌ಷಿಪ್ ಚೆನ್ನೈಯಲ್ಲಿ ನಡೆದಿತ್ತು. ಜೊತೆಗಾರನಿಗೆ ಗುಟ್ಟಾಗಿ ಸನ್ನೆ ಮಾಡಿದ ಆರೋಪಗಳ ಗದ್ದಲದಲ್ಲಿ ಇಸ್ರೇಲ್, ಜರ್ಮನಿ, ಮೊನಾಕೊ ತಂಡಗಳು ಅದಕ್ಕೆ ಬರಲೇ ಇಲ್ಲ.

ಬೆಂಗಳೂರು

ಭಾರತದಲ್ಲಿ ಈಗ ಸ್ನೂಕರಿನ ರಾಷ್ಟ್ರೀಯ ಪಂದ್ಯಾವಳಿ, ವಿಶ್ವ ಸ್ಪರ್ಧೆಗೆ ಆಟಗಾರರ ಆಯ್ಕೆ ಎಲ್ಲ ಬಿಲಿಯರ್ಡ್ಸ್ ಅಂಡ್ ಸ್ನೂಕರ್ ಫೆಡರೇಷನ್ ಆಫ್ ಇಂಡಿಯಾದ ಕೈಯಲ್ಲಿದೆ. ಅದರಡಿ ರಾಜ್ಯ ಸಂಸ್ಥೆಗಳು. ಭಾರತಕ್ಕೆ ಮೊದಲ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ತಂದವರು ಓಂ ಅಗರವಾಲ್, 1984ರಲ್ಲಿ, ಡಬ್ಲಿನ್‌ನಲ್ಲಿ. ಆದರೆ ಈಚಿನ ದಶಕಗಳಲ್ಲಿ ಆಟದ ಕಳೆ ಹೆಚ್ಚಿಸಿದ ಊರು ಬೆಂಗಳೂರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ, ಅರವಿಂದ್ ಸವೂರ್ ಅವರ ಕೈಕೆಳಗೆ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಗೆದ್ದಾಗ ಅವರಿಗೆ ಹದಿನೆಂಟು. ಕ್ಲಬ್ಬಿನ ಸದಸ್ಯತ್ವ ಇಲ್ಲದ ಮನೆಯ ಹುಡುಗರೂ ಕ್ಯೂ ಹಿಡಿಯಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದೀಚೆಗೆ ಎನ್ನಬೇಕು. 2014ರ ವಿಶ್ವ ಸ್ನೂಕರ್ ಬೆಂಗಳೂರಿಗೇ ಬಂತು. ಚೀನಾದ ಹದಿನಾಲ್ಕು ವರ್ಷದ ಯಾನ್ ಬಿಂಗ್‌ತಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್‌ರನ್ನು ಫೈನಲ್ಲಿನಲ್ಲಿ ಸೋಲಿಸಿದ.

ಬಂಡೀಪುರ ದಾಟಿ, ಮಸಿನಗುಡಿಯಿಂದ ಕಲ್ಲಟ್ಟಿಯ ಮೂವತ್ತಾರು ತಿರುವು ಹತ್ತಿ ಊಟಿಗೆ ಹೋಗುವ ಕನ್ನಡಿಗರು ಸಸ್ಯೋದ್ಯಾನ, ಕೆರೆ ನೋಡಿ, ಚಾಕೊಲೇಟು ಕೊಂಡು ಮರಳುತ್ತಾರೆ. ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆ ಇಂದಿಗೂ ಇದೆ, ಆಟದ ಹುಟ್ಟಿನ ಕತೆ ಅಲ್ಲಿ ಗೋಡೆಯ ಮೇಲಿದೆ. ಒಳಗೆ ಹೋಗಲು ಸದಸ್ಯರಾಗಿರಬೇಕು, ಇಲ್ಲವೇ ಸದಸ್ಯರ ಅತಿಥಿಯಾಗಿರಬೇಕು.