ರಾಯಚೂರು ಸೀಮೆಯ ನೀರಾವರಿ ಮತ್ತು ಹಸಿವು: ಮಾನ್ವಿ, ದೇವದುರ್ಗಗಳ ನಿದರ್ಶನ

ಕೃಷ್ಣಾ ತುಂಗಭದ್ರೆಗಳ ನಡುವೆ ಇದ್ದೂ ಬರಗಾಲಕ್ಕೆ ಹೆಸರಾದ ಸೀಮೆ ರಾಯಚೂರಿನದು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಯೋಜನೆಯ ಮೂಲ ಆಶಯವನ್ನು ನಾವು ಮೊದಲು ನೆನೆಯಬೇಕು. ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚಿ, ಜೋಳ, ಹತ್ತಿ, ಶೇಂಗಾಗಳಂತಹ ಅರೆನೀರಾವರಿ ಬೆಳೆಗಳನ್ನು ಬರದಿಂದ ಕಾಯುವುದು ಅದರ ಉದ್ದೇಶವಾಗಿತ್ತು. ನಡೆದುದು ಬೇರೆ. ಎಡದಂಡೆ ಕಾಲುವೆಯ ಮೇಲ್ಭಾಗದ ಗಂಗಾವತಿ, ಸಿಂಧನೂರುಗಳಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಆಂಧ್ರದ ಕರಾವಳಿಯಿಂದ ಬಂದ ರೈತರು ಭೂಮಿ ಕೊಂಡು ನೆಲಸಿದ ‘ಕ್ಯಾಂಪು’ಗಳು ಎದ್ದವು. ಮಾನ್ವಿ, ರಾಯಚೂರು ತಾಲ್ಲೂಕುಗಳ ಕಾಲುವೆಯಂಚಿನ ಎಷ್ಟೋ ಹೊಲಗಳಿಗೆ ನೀರು ನಕ್ಷೆಯಲ್ಲಿ ಮಾತ್ರ ತಲುಪಿತು.

ದೇವದುರ್ಗದ ಪಾಲಿಗೆ ಬಂದುದು ಕೃಷ್ಣಾ ಮೇಲ್ದಂಡೆ ಯೋಜನೆ. ಅದಕ್ಕೆ 1964ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದವರು ಲಾಲ್ ಬಹಾದೂರ್ ಶಾಸ್ತ್ರಿಯವರು. 1978ರಲ್ಲಿ ವಿಶ್ವಬ್ಯಾಂಕು ಸಾಲ ನೀಡಿತು. 1989ರಲ್ಲಿ ಮತ್ತೆ ನೀಡಿತು. ಮುಳುಗಡೆಯಾದವರ ಪುನರ್ವಸತಿ ಸರಿಯಾಗಿ ನಡೆಯದ ಕಾರಣ 1990ರ ದಶಕದಲ್ಲಿ ಹಣವನ್ನು ತಡೆಹಿಡಿದುದೂ ಉಂಟು. ಬ್ಯಾಂಕಿಗೆ ಕಣ್ಣಿರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಅದರ ಅಳತೆಗೋಲು ಹೆಕ್ಟೇರು ಮತ್ತು ಟನ್ನುಗಳದು. ಭೂಮಿಯಿಲ್ಲದ ಕೂಲಿಯವನ ಅಂಬಲಿ ಆ ಕೋಲಿಗೆ ಸಿಕ್ಕುವ ವಸ್ತುವಲ್ಲ.

ಇಲ್ಲಿ ಹಗೇವಿನ ಮಾತು ಅಪ್ರಸ್ತುತವಾಗದು. ನೆಲದೊಳಗೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚುವ ಈ ಕಣಜ ಬರದ ವರ್ಷಗಳಲ್ಲಿ ಊರಿನ ಆಸರೆಯಾಗಿತ್ತು. ಆ ಆಸರೆ ಎಲ್ಲರಿಗೂ ಸಮನಾಗಿತ್ತೆಂದು ಭಾವಿಸುವುದು ಭ್ರಮೆ; ಹಗೇವು ಇದ್ದುದು ಉಳ್ಳವರ ಮನೆಯಲ್ಲಿ. ಆದರೂ ಸುಗ್ಗಿಯ ಕೂಲಿಯನ್ನು ಜೋಳದಲ್ಲಿ ಅಳೆದು ಕೊಡುತ್ತಿದ್ದಾಗ ಕೂಲಿಯವನ ಮನೆಗೂ ಕಾಳು ಬರುತ್ತಿತ್ತು. ಭತ್ತವಾದರೋ ಗದ್ದೆಯಿಂದ ನೇರವಾಗಿ ಗಿರಣಿಗೆ ಹೋಗುತ್ತದೆ, ಕೂಲಿ ಹಣವಾಗುತ್ತದೆ, ದನಕ್ಕೆ ಜೋಳದ ಸೊಪ್ಪೆಯೂ ಇಲ್ಲವಾಗುತ್ತದೆ. ಆಹಾರದ ಉತ್ಪತ್ತಿ ಹೆಚ್ಚಿತೆಂಬ ವರದಿಯೂ ಸುಳ್ಳಲ್ಲ, ಗುಡಿಸಲಿನ ಮಡಕೆ ಬರಿದಾದುದೂ ಸುಳ್ಳಲ್ಲ.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತು. 2011ರಲ್ಲಿ ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವು ನಾಡಿಗೆಲ್ಲ ಸುದ್ದಿಯಾಗಿ, ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು, ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ‘ಭತ್ತದ ಕಣಜ’ ಎಂಬ ಬಿರುದು ಪಡೆದ ಜಿಲ್ಲೆಯ ಸಂಗತಿ ಇದು. ಸುಗ್ಗಿ ಮುಗಿದೊಡನೆ ದೇವದುರ್ಗದ ಹಳ್ಳಿಗಳಿಂದ ಕುಟುಂಬಗಳು ಈಗಲೂ ಬೆಂಗಳೂರಿನ ಕಡೆಗೆ ಗುಳೆ ಹೊರಡುತ್ತವೆ. ಮಗುವಿನ ಹೆಸರು ಊರಿನ ಅಂಗನವಾಡಿಯ ಪುಸ್ತಕದಲ್ಲಿರುತ್ತದೆ. ಮಗು ಮಾತ್ರ ಯಾವುದೋ ಕಟ್ಟಡದ ಮರಳರಾಶಿಯ ಬಳಿ ಇರುತ್ತದೆ.